ಯಾರ ಬಟ್ಟು?

ಕಾಡಸಿದ್ದನ ಕೈ ದೊಡ್ಡದು. ಹಾಗೆಂದ ಕೂಡಲೇ ಅವನನ್ನು ದಾನಿ ಎಂದು ತಿಳಿಯಬೇಡಿ. ಕೊಡಲಿಕ್ಕೆ ಅವನ ಬಳಿ ಇದ್ದದ್ದಾದರೂ ಏನು? ಇದು ಬರೀ ಬೆರಳುಗಳ ಮಾತು. ಉಳಿ ಹಿಡಿದರೆ ಉಳಿಯ ಹಿಡಿಯೇ ಕಾಣದಂತಹ ಬೆರಳು. ಅವನು ನಮಸ್ಕಾರ ಮಾಡಿದರೆ ಎದುರಿಗಿದ್ದವರಿಗೆ ಅವನ ಮುಖ ಅರ್ಧ ಮುಚ್ಚಿಹೋಗುತ್ತಿತ್ತು.

ಆ ಕಡೆ ಬೆರಳಿಗೆ ಬಟ್ಟು ಎನ್ನುತ್ತಾರೆ. ಸಹಿ ಬಾರದವನು ಒತ್ತುವುದು ಹೆಬ್ಬಟ್ಟು. ತಪ್ಪು ಮಾಡಿದವನನ್ನು ತೋರಿಸುವುದೂ ಬಟ್ಟು ಮಾಡಿಯೇ. ಕೈಯಲ್ಲಿ ಗಜಕಡ್ಡಿ ಇಲ್ಲದಾಗ ಅಳೆಯುವುದೂ ಬಟ್ಟಿನಿಂದಲೇ. ಒಂದೇ ಮಾತಿನ ಮೇಲೆ ಇಷ್ಟೆಲ್ಲ ಕೆಲಸ ಹೇರಿದರೆ ಅದು ಒಂದಲ್ಲ ಒಂದು ದಿನ ಎತ್ತು ಮಲಗಿದ ಹಾಗೆ ಮಲಗಿಬಿಡುತ್ತದೆ. ಅದು ಕಾಡಸಿದ್ದನ ಪಾಲಿನ ದಿನವೇ ಆಗಬೇಕೇ? ಆಯಿತು.

ಅವನ ಅಪ್ಪ ನೇಸರಿಯ ಕಡೆ ಕುರಿ ಕಾಯುವವ. ಇಂಚು, ಫೂಟು ಆ ಮುದುಕನಿಗೆ ಗೊತ್ತಿರಲಿಲ್ಲ. ಕುರಿಯ ಬೆನ್ನಿನ ಮೇಲೆ ಉಣ್ಣೆ ಬಿಡಿಸಿ, ಪಕ್ಕಕ್ಕೆ ಬಟ್ಟು ಅಡ್ಡ ಹಿಡಿದು, "ಎರಡ ಬಟ್ಟ ಬೆಳದೈತಿ, ಕತ್ತರಿ ತಗೊಂಬಾ" ಎನ್ನುತ್ತಿದ್ದ. ಮಗನಿಗೆ ಕುರಿಗಿಂತ ಕಟ್ಟಿಗೆಯ ಮೇಲೆ ಮನಸ್ಸು ಹೆಚ್ಚು. ಗಡಹಿಂಗ್ಲಜದ ಬಡಿಗನೊಬ್ಬನ ಕೈಕೆಳಗೆ ಕೆಲಸ ಕಲಿತ. ಇಚಲಕರಂಜಿಯಲ್ಲಿ ಎಂಜಿನ್ನಿನ ಮೇಲೆ ಓಡುವ ಮಗ್ಗಗಳು ಏಳುತ್ತಿವೆ, ಬಡಿಗರು ಸಾಲುತ್ತಿಲ್ಲ ಎಂದು ಕೇಳಿ ಆ ಕಡೆ ನಡೆದ. ಊರಿಗೆ ಹತ್ತಿಕೊಂಡಿರುವ ಕಬನೂರಿನಲ್ಲಿ ದಾದಾಸಾಹೇಬ ಎಂಬ ಜೈನ ಒಕ್ಕಲಿಗರು ಹೊಲದ ಜೊತೆಗೆ ಒಂದು ಶೆಡ್ಡು ಕಟ್ಟಿ ಮಗ್ಗ ಹೂಡಿದ್ದರು. ಅಲ್ಲಿ ಕಾಡಸಿದ್ದನಿಗೆ ಕೆಲಸ ಸಿಕ್ಕಿತು, ಇರಲಿಕ್ಕೆ ಶೆಡ್ಡಿನ ಹಿಂದೆ ಒಂದು ಖೋಲಿಯೂ ಸಿಕ್ಕಿತು. ಖೋಲಿ ಸಿಕ್ಕ ಮೇಲೆ ನಾಗೂಬಾಯಿಯನ್ನು ಮದುವೆಯಾಗಿ ಕರೆತಂದ.

ನಾಗೂಬಾಯಿ ನೇಸರಿಯವಳೇ. ಸಣ್ಣ ಆಳು, ಸಣ್ಣ ಕೈ, ಮಾತು ಮಾತ್ರ ದೊಡ್ಡದು. ಲಾಳಿಯ ಹೊಟ್ಟೆಗೆ ಹಾಕುವ ನೂಲಿನ ಕಂಡಿಕೆಗಳನ್ನು ಮನೆಯಲ್ಲೇ ಕೂತು ಸುತ್ತಿಕೊಡುತ್ತಿದ್ದಳು. ಅವಳ ರಾಟೆ ತಿರುಗುವ ಸದ್ದು, ನಡುನಡುವೆ ಅವಳ ಕೊಂಕು, ಇವೆರಡೂ ಸೇರಿದರೆ ಕಾಡಸಿದ್ದನಿಗೆ ಅದೇ ಸಂಸಾರ. ಮಕ್ಕಳಿರಲಿಲ್ಲ. ಅದರ ದುಃಖವನ್ನು ಇಬ್ಬರೂ ಒಬ್ಬರಿಗೊಬ್ಬರು ತೋರಿಸುತ್ತಿರಲಿಲ್ಲ.

ಒಂದು ದೀಪಾವಳಿಗೆ ಗೋಡೆಗೆ ಸುಣ್ಣ ಬಳಿಯುವಾಗ ಅವಳು ಗಂಡನ ಕೈ ಎಳೆದುಕೊಂಡಳು. ಬಾಗಿಲ ಪಕ್ಕದ ಮಣ್ಣಿನ ಗೋಡೆಯ ಮೇಲೆ ಅವನ ಎರಡು ಬಟ್ಟನ್ನು ಸುಣ್ಣದಲ್ಲಿ ಅದ್ದಿ ಒತ್ತಿಸಿದಳು. ಅದರ ಬಗಲಿಗೆ ತನ್ನವು ಮೂರು ಒತ್ತಿದಳು. ಅಗಲ ಸರಿಸಮ.

"ನೋಡ್ರಿ, ನಿಮ್ಮ ಎರಡಕ್ಕ ನನ್ನವು ಮೂರು. ನಿಮ್ಮನ್ನ ಸಾಕೂದಂದ್ರ ಒಂದೂವರಿ ಗಂಡನ್ನ ಸಾಕಿದಂಗ" ಎಂದು ನಕ್ಕಳು.

"ಹಂಗಾರ ರೊಟ್ಟೀನೂ ಒಂದೂವರಿ ಪಟ್ಟ ಹಾಕು" ಎಂದ ಕಾಡಸಿದ್ದ. ಅಷ್ಟು ಜಾಗದಲ್ಲಿ ಅವಳು ಸುಣ್ಣ ಬಳಿಯದೆ ಬಿಟ್ಟಳು. ಆ ಗುರುತು ಮುಂದೆ ಗಂಡನ ಎದೆ ಇರಿಯುತ್ತದೆ ಎಂದು ನಗುವಾಗ ಯಾರಿಗೆ ಗೊತ್ತಿತ್ತು?

ಲಾಳಿ ಎಂದರೆ ಎರಡೂ ತುದಿಗೆ ಕಬ್ಬಿಣದ ಮೊನೆ ಇರುವ ಕಟ್ಟಿಗೆಯ ತುಂಡು. ಕೈಮಗ್ಗದಲ್ಲಿ ಅದು ಮನುಷ್ಯನ ಮಾತು ಕೇಳುತ್ತದೆ; ಎಂಜಿನ್ನಿನ ಮಗ್ಗದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ. ಆ ಬದಿಯಿಂದ ಈ ಬದಿಗೆ ಗುಂಡಿನ ಹಾಗೆ ಓಡುವಾಗ ನೂಲೊಂದು ತೊಡಕಾದರೆ ಸಾಕು, ಹಾದಿ ಬಿಟ್ಟು ಹಾರುತ್ತಿತ್ತು. ಗೋಡೆಗೆ ಬಡಿದರೆ ಗೋಡೆಯ ದೈವ, ಮನುಷ್ಯನಿಗೆ ಬಡಿದರೆ ಮನುಷ್ಯನ ದೈವ ಎಂದು ಎಲ್ಲರೂ ಸುಮ್ಮನಿದ್ದರು. ಮೂವತ್ನಾಲ್ಕನೆಯ ಇಸವಿಯಲ್ಲಿ ಒಬ್ಬ ಮಾಲೀಕರ ಅಳಿಯನಿಗೇ ಬಡಿದು ಹಲ್ಲು ಉದುರಿದವು. ಆಗ ಎಲ್ಲರಿಗೂ ಎಚ್ಚರವಾಯಿತು. ಅಳಿಯನ ಹಲ್ಲು ಎಂದರೆ ಸಾಮಾನ್ಯವೇ!

ಐದಾರು ಮಾಲೀಕರು ದಾದಾಸಾಹೇಬರ ಪಡಸಾಲೆಯಲ್ಲಿ ಪಂಚರಾಗಿ ಕೂತರು. ಲಾಳಿ ಓಡುವ ಹಲಗೆಯ ಮೇಲೆ ಉದ್ದಕ್ಕೂ ಒಂದು ತಡೆಗೋಲು ಹಾಕಬೇಕು, ಎಲ್ಲರ ಮಗ್ಗಕ್ಕೂ ಒಂದೇ ಅಳತೆ ಇರಬೇಕು ಎಂದು ಮಾತಾಯಿತು. ಕೋಲು ತೀರ ಕೆಳಗಾದರೆ ನೂಲು ಉಜ್ಜಿ ಹರಿಯುತ್ತದೆ, ಮೇಲಾದರೆ ಲಾಳಿ ನುಸುಳುತ್ತದೆ. ಎಷ್ಟು ಎತ್ತರ? ಯಾರಿಗೂ ಗೊತ್ತಿಲ್ಲ. ಅಂಗಳದಲ್ಲಿ ನಿಂತಿದ್ದ ಕಾಡಸಿದ್ದನನ್ನು ದಾದಾಸಾಹೇಬರು ಕರೆದರು.

"ಮ್ಯಾಲ ಬಾ, ಜಮಖಾನಿ ಮ್ಯಾಲ ಕುಂದ್ರು. ಕೋಲ ಬಡ್ಯಾಂವ ನೀನ, ಅಳತೀನೂ ನೀನ ಹೇಳು."

ಕುರಿ ಕಾಯುವವನ ಮಗ ಮಾಲೀಕರ ಜಮಖಾನೆಯ ಮೇಲೆ ಕೂತ. ಕಿಸೆಯಲ್ಲಿ ಮಡಚುವ ಗಜಕಡ್ಡಿ ಇತ್ತು. ಅದನ್ನು ತೆಗೆಯುವ ನೆನಪಾಗಲಿಲ್ಲ. ದೊಡ್ಡವರ ಮುಂದೆ ಅವನ ನಾಲಿಗೆ ಅಪ್ಪನ ಮಾತನ್ನೇ ಆಡಿತು.

"ಎರಡ ಬಟ್ಟ ಬಿಟ್ಟ ಕೋಲ ಹಾಕ್ರಿ ಅಣ್ಣಾರ. ಅದರಾಗಿಂದ ಲಾಳಿ ಹೊರಗ ಬರೂದಿಲ್ಲ."

ಎಲ್ಲರೂ ತಲೆಯಾಡಿಸಿದರು. ಎಲ್ಲರಿಗೂ ಬಟ್ಟುಗಳಿದ್ದವು, ಹಾಗಾಗಿ ಯಾರೂ ಮುಂದಿನ ಪ್ರಶ್ನೆ ಕೇಳಲಿಲ್ಲ. ಗುಮಾಸ್ತ ಮರಾಠಿಯಲ್ಲಿ 'ದೋನ್ ಬೋಟ' ಎಂದು ಬರೆದ. ಸಹಿ ಬಂದವರು ಸಹಿ ಮಾಡಿದರು. ಕಾಡಸಿದ್ದ ಹೆಬ್ಬಟ್ಟು ಒತ್ತಿದಾಗ ಶಾಯಿ ಪಕ್ಕದವರ ಸಹಿಯ ಮೇಲೂ ಹರಡಿತು, ಪಡಸಾಲೆಯೆಲ್ಲ ನಕ್ಕಿತು.

ಮನೆಗೆ ಬಂದು ಶಾಯಿಯ ಬಟ್ಟನ್ನು ಹೆಂಡತಿಯ ಮುಂದೆ ಎತ್ತಿ ಹಿಡಿದ. "ಪಂಚರ ಕೂಡ ಕುಂತಿದ್ದೆ ನಾಗೂ. ನನ್ನ ಮಾತ ಎಲ್ಲಾರೂ ಕೇಳಿದ್ರು."

"ಮದ್ಲ ಕೈ ತೊಳಕೋರಿ, ರೊಟ್ಟಿಗೆ ಶಾಯಿ ಹತ್ತೀತು" ಎಂದಳು ಅವಳು. ಅವನು ಅಂದು ಎಡಗೈಯಲ್ಲಿ ಉಂಡು ಬೈಸಿಕೊಂಡ, ಬಲಗೈ ತೊಳೆಯಲಿಲ್ಲ.

ದಾದಾಸಾಹೇಬರ ಮಗ್ಗಗಳಿಗೆಲ್ಲ ತಡೆಗೋಲು ಹಾಕಿದವನು ಕಾಡಸಿದ್ದನೇ. ಹಲಗೆಯ ಮೇಲೆ ಎರಡು ಬಟ್ಟು ಅಡ್ಡ ಇಟ್ಟು, ಅದರ ಮೇಲೆ ಕೋಲು ಕೂಡಿಸಿ, ಮೊಳೆ ಬಡಿದ. ಊರಿನ ಬೇರೆ ಬಡಿಗರು ತಮ್ಮ ತಮ್ಮ ಬಟ್ಟು ಇಟ್ಟು ಬಡಿದರು. ಒಬ್ಬ ತೆಳ್ಳನೆಯವನ ಕೋಲುಗಳು ಎಷ್ಟು ಕೆಳಗಿದ್ದವೆಂದರೆ ನೂಲು ಹರಿದು ಹರಿದು, ನೇಕಾರರೇ ಅವನ್ನು ಕಿತ್ತು ಒಲೆಗೆ ಹಾಕಿದರು. ಆಗಲಾದರೂ ಯಾರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮರುವರ್ಷ ನಾಗೂಬಾಯಿಯ ತಮ್ಮ ಕೃಷ್ಣಾತ ಕಬನೂರಿಗೆ ಬಂದ. ಕರೆಸಿಕೊಂಡವನು ಕಾಡಸಿದ್ದನೇ. "ಕುರೀ ಹಿಂದ ಎಷ್ಟ ದಿನಾ ಅಡ್ಡ್ಯಾಡತಿ? ಬಾ, ಮಗ್ಗ ಕಲಿ" ಎಂದಿದ್ದ. ಹುಡುಗುತನ ಕಳೆದು ಮೀಸೆ ತಿರುವುವ ವಯಸ್ಸು ಅವನದು. ಮಾತಿಗೊಮ್ಮೆ 'ದಾಜಿ' 'ದಾಜಿ' ಎಂದು ಅಕ್ಕನ ಗಂಡನ ಬೆನ್ನು ಬಿಡುತ್ತಿರಲಿಲ್ಲ. ಸಂಜೆ ಮೂವರೂ ಕೂತು ರೊಟ್ಟಿ, ಹಸಿಮೆಣಸಿನಕಾಯಿ ಕುಟ್ಟಿದ ಖರ್ಡಾ ತಿನ್ನುವಾಗ ಖೋಲಿ ತುಂಬಿದಂತಿರುತ್ತಿತ್ತು.

ಮಳೆಗಾಲ ಮುಗಿದ ಒಂದು ಮಧ್ಯಾಹ್ನ ಕೃಷ್ಣಾತನ ಮಗ್ಗದಲ್ಲಿ ನೂಲು ತೊಡಕಾಯಿತು. ಅವನು ನೋಡಲೆಂದು ಬಗ್ಗಿದ. ಲಾಳಿ ತಡೆಗೋಲಿನ ಕೆಳಗಿಂದ ಓರೆಯಾಗಿ ನುಸುಳಿ ಬಂದು ಎಡಗಣ್ಣಿಗೆ ಬಡಿಯಿತು. ಎಂಜಿನ್ನು ನಿಲ್ಲಿಸಿದ ಮೇಲೂ ಅವನ ಚೀರಾಟ ನಿಲ್ಲಲಿಲ್ಲ. ಕಂಡಿಕೆಯ ಬುಟ್ಟಿ ಹೊತ್ತು ಬಂದ ನಾಗೂಬಾಯಿ ಬುಟ್ಟಿ ಚೆಲ್ಲಿ ತಮ್ಮನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಚಕ್ಕಡಿ ಬಂದು ಅವನನ್ನು ದವಾಖಾನೆಗೆ ಒಯ್ಯಲು ಎತ್ತುವ ಹೊತ್ತಿಗೆ ಅವಳು ಎದ್ದು ಆ ಮಗ್ಗದ ಹತ್ತಿರ ಹೋದಳು. ಹಲಗೆಗೂ ಕೋಲಿಗೂ ನಡುವಿನ ಸಂದಿಯಲ್ಲಿ ತನ್ನ ಮೂರು ಬಟ್ಟು ಹಾಕಿದಳು. ಹೋದವು. ಹೊರಗೆ ತೆಗೆದಳು. ಗಂಡನ ಮುಖ ನೋಡಿದಳು.

ಹೋಗಿ ಚಕ್ಕಡಿ ಹತ್ತಿದಳು. ಬೈದಿದ್ದರೆ ಕಾಡಸಿದ್ದ ಏನಾದರೂ ಹೇಳಿ ಹಗುರಾಗುತ್ತಿದ್ದನೇನೋ.

ಕಣ್ಣು ಉಳಿಯಲಿಲ್ಲ. ಕೃಷ್ಣಾತನ ಕಡೆಯವರು ಕೊಲ್ಹಾಪುರದ ಕೋರ್ಟಿನಲ್ಲಿ ದಾದಾಸಾಹೇಬರ ಮೇಲೆ ಖಟ್ಲೆ ಹೂಡಿದರು. ದಾದಾಸಾಹೇಬರು ಕೆಟ್ಟವರಲ್ಲ, ದವಾಖಾನೆಗೆ ಎರಡು ಸಲ ಹಣ್ಣು ಕಳಿಸಿದ್ದರು. ಆದರೆ ಕೋರ್ಟಿನ ಕಾಗದ ಕಂಡ ಮೇಲೆ ಒಳ್ಳೆಯವರಿಗೂ ಜ್ವರ ಬರುತ್ತದೆ. 'ಪಂಚರು ಹೇಳಿದಂತೆ ಕೋಲು ಹಾಕಿಸಿದ್ದೇನೆ, ನನ್ನದೇನು ತಪ್ಪು?' ಎಂದರು ಅವರು. 'ನಾವು ಅಳತೆ ಹೇಳಿದೆವು, ಮಗ್ಗ ನಮ್ಮದಲ್ಲ' ಎಂದರು ಪಂಚರು. ಹತ್ತು ಮಂದಿಯ ಕಡ್ಡಿ ಒಬ್ಬನ ಹೊರೆ ಎನ್ನುತ್ತಾರೆ. ಅಲ್ಲಿ ನಡೆದದ್ದು ಅದರ ತಿರುವುಮುರುವು: ಒಬ್ಬನ ಹೊರೆಯನ್ನು ಹತ್ತು ಮಂದಿಯ ಕಡ್ಡಿ ಮಾಡಿ ಗಾಳಿಗೆ ತೂರಿದರು.

ತೂರಲು ಕಲಿಸಿದವರು ದಾದಾಸಾಹೇಬರ ಕಡೆಯ ಭಾವುಸಾಹೇಬ ವಕೀಲರು. ಚಿಕ್ಕೋಡಿಯಲ್ಲಿ ತಾಯಿಯ ತವರುಮನೆ ಇದ್ದ ಕಾರಣ ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಕಾಡಸಿದ್ದನನ್ನು ತಮ್ಮ ಕಟ್ಟೆಯ ಮೇಲೆ ಕೂಡಿಸಿಕೊಂಡು ಹೇಳಿದರು:

"ನೋಡಪಾ, ಬಟ್ಟು ನನ್ನದು ಅಂದ್ಯೋ, ಇಡೀ ಖಟ್ಲೆ ನಿನ್ನ ಕುತ್ತಿಗೀಗೆ ಬೀಳತೈತಿ. ಎಲ್ಲಾರದೂ ಅನ್ನು, ಯಾರ ಕುತ್ತಿಗೀಗೂ ಬೀಳೂದಿಲ್ಲ. ಇನ್ನೊಂದ ಮಾತ. ಇನ್ನ ಮುಂದ ಯಾರರ ಪಂಚ್ಯಾಗ ಕರದ್ರ ಹೋಗಬ್ಯಾಡ. ಅಳತಿ ಹೇಳಿದಾಂವ ಖಟ್ಲೆ ಕೊಂಡಾಂವ. ಹಗ್ಗಾ ಕೊಟ್ಟ ಕೈ ಯಾಕ ಕಟ್ಟಿಸ್ಕೋತಿ?"

ಕೋರ್ಟಿನಲ್ಲಿ ಕಾಡಸಿದ್ದ ಕಟಕಟೆ ಹಿಡಿದು ನಿಂತ. ಎದುರಿನ ವಕೀಲ ಪಂಚರ ಕಾಗದ ಓದಿ, ಕನ್ನಡಕ ಏರಿಸಿ, ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದ: "ದೋನ್ ಬೋಟ. ಕೋಣಾಚೀ ಬೋಟ?" ಎರಡು ಬಟ್ಟು, ಯಾರ ಬಟ್ಟು?

ಅಂದು ಪಡಸಾಲೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಹಿಂದಿನ ಬಾಕಿನ ಮೇಲೆ ಕೃಷ್ಣಾತ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ, ಪಕ್ಕದಲ್ಲಿ ನಾಗೂಬಾಯಿ. ಕಾಡಸಿದ್ದ ಕಟಕಟೆಯಿಂದ ಕೈ ತೆಗೆದು ಧೋತರದ ಮರೆಗೆ ಸೇರಿಸಿದ.

"ಸಗಳ್ಯಾಂಚೀ" ಎಂದ. ಎಲ್ಲರದೂ.

ಎಲ್ಲರ ಬಟ್ಟು ಎಂದರೆ ಯಾರ ಬಟ್ಟೂ ಅಲ್ಲ. ಖಟ್ಲೆ ಬಿದ್ದುಹೋಯಿತು. ದಾದಾಸಾಹೇಬರು ಹೊರಗೆ ಬಂದು ಕಾಡಸಿದ್ದನ ಬೆನ್ನು ತಟ್ಟಿದರು. ಅವನು ಅವರತ್ತ ನೋಡದೆ ಮೆಟ್ಟಿಲಿಳಿದ.

ಕೋರ್ಟಿನ ಮೆಟ್ಟಿಲ ಕೆಳಗೆ ನಾಗೂಬಾಯಿ ನಿಂತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅವನ ಕಣ್ಣ ನೀವಾಗಿ ತಗೀಲಿಲ್ಲ, ಅದ ನನಗ ಗೊತ್ತೈತಿ. ಕೈ ದೊಡ್ಡವು ಇದ್ದೂದು ತಪ್ಪಲ್ಲ. ಆ ಕೈ ಮುಚ್ಚಿಟ್ರಲ್ಲ, ಅದನ್ನ ನೋಡಿದೆ. ನಾ ತಮ್ಮನ ಸಂಗಾಟ ಹೊಂಟೇನ್ರಿ. ಆ ಬಟ್ಟ ಯಾರದಂತ ನಾಕ ಮಂದಿ ಮುಂದ ನೀವು ಹೇಳಿದ ದಿನಾ ಹೇಳಿ ಕಳಸ್ರಿ."

ಕೃಷ್ಣಾತ 'ದಾಜಿ' ಎನ್ನಲಿಲ್ಲ. ಅಕ್ಕ ತಮ್ಮ ಹತ್ತಿದ ಸರ್ವಿಸ್ ಮೋಟಾರು ನಿಪ್ಪಾಣಿಯ ಹಾದಿ ಹಿಡಿಯಿತು. ಕಾಡಸಿದ್ದ ಧೂಳು ಅಡಗುವ ತನಕ ನಿಂತ, ಅಡಗಿದ ಮೇಲೂ ನಿಂತ.

ಹೇಳಿ ಕಳಿಸುವುದು ಎಷ್ಟು ಸುಲಭ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದೇನೋ ನಿಜ. ಆದರೆ ಆಡದೆ ಉಳಿದ ಮಾತು ಎಲ್ಲಿಗೂ ಹೋಗುವುದಿಲ್ಲ. ಮನೆಯಲ್ಲೇ ಕೂತಿರುತ್ತದೆ, ಉಣ್ಣುವಾಗ ಎದುರಿಗೆ, ಮಲಗುವಾಗ ಬಗಲಿಗೆ. ಕಾಡಸಿದ್ದ ದಿನವೂ ಹೇಳಬೇಕೆಂದುಕೊಂಡ, ದಿನವೂ ಭಾವುಸಾಹೇಬರ ಮಾತು ಅಡ್ಡ ಬಂತು. ಜೈಲು, ಜಪ್ತಿ, ಕೆಲಸ ಹೋಗುವುದು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬರುತ್ತಿದ್ದವು. ಹೇಡಿ ಎಂದು ಅವನನ್ನು ಬೈಯುವುದಾದರೆ ಬೈಯಿರಿ. ಅವನು ತನ್ನನ್ನು ಅದಕ್ಕಿಂತ ಹೆಚ್ಚು ಬೈದುಕೊಂಡಿದ್ದ.

ರಾಟೆಯನ್ನು ಅವಳು ಬಿಟ್ಟ ಮೂಲೆಯಲ್ಲೇ ಬಿಟ್ಟ. ಕೆಲವು ಸಂಜೆ ಬರಿದೇ ತಿರುಗಿಸಿ ಸದ್ದು ಕೇಳಿಸಿಕೊಳ್ಳುತ್ತಿದ್ದ. ನೂಲಿಲ್ಲದ ರಾಟೆಯ ಸದ್ದೇ ಬೇರೆ, ಅದು ಅವನಿಗೂ ಗೊತ್ತಾಗುತ್ತಿತ್ತು. ರೊಟ್ಟಿ ಬಡಿಯಲು ಬಾರದು. ಹಿಟ್ಟು ಕುದಿಸಿ ಮುದ್ದೆಯಂತೆ ಮಾಡಿ ನುಂಗುತ್ತಿದ್ದ. ಸಂತೆಯಲ್ಲಿ ಯಾವ ಹೆಣ್ಣುಮಗಳಾದರೂ ಗಂಡನನ್ನು "ಏನ್ರೀ" ಎಂದು ಕರೆದರೆ ಇವನೂ ತಿರುಗಿ ನೋಡುತ್ತಿದ್ದ. ಪ್ರತಿ ದೀಪಾವಳಿಗೆ ಗೋಡೆಗೆಲ್ಲ ಸುಣ್ಣ ಬಳಿದು, ಬಾಗಿಲ ಪಕ್ಕದ ಆ ಜಾಗ ಮಾತ್ರ ಬಿಡುತ್ತಿದ್ದ. ಬಿಳಿ ಗೋಡೆಯ ನಡುವೆ ಆ ಮಣ್ಣುಬಣ್ಣದ ತುಂಡು, ಅದರಲ್ಲಿ ಎರಡು ಮತ್ತು ಮೂರು.

ಒಮ್ಮೆ ಗಡಹಿಂಗ್ಲಜದ ಸಂತೆಗೆ ಕಟ್ಟಿಗೆ ಕೊಳ್ಳುವ ನೆಪ ಮಾಡಿ ಹೋದ. ಮೆಣಸಿನಕಾಯಿಯ ರಾಶಿಗಳ ಆಚೆ ಅವಳು ಕಂಡಳು. ಹಸಿರು ಸೀರೆ, ಅದೇ ಸಣ್ಣ ಬೆನ್ನು. ಘಾಟಿಗೆ ಸೀನಿದಳು. ಒಂದು ಸೀನಿಗೆ ನಿಲ್ಲುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಮತ್ತೆ ಸೀನಿದಳು, ಮತ್ತೂ ಸೀನಿದಳು. ಅವನಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣು ತುಂಬಿತು. ಮೆಣಸಿನಕಾಯಿಯ ಘಾಟು ಎಂದು ಅಂಗಡಿಯವನು ತಿಳಿದುಕೊಂಡ. ಮೋಟಾರು ನಿಲ್ಲುವ ಕಟ್ಟೆಯ ತನಕ ದೂರದಿಂದ ಅವಳ ಹಿಂದೆ ನಡೆದ. ನಾಗೂ ಎಂದು ಕರೆಯಬಹುದಿತ್ತು. ಕರೆದರೆ ಅವಳು ಕೇಳುವುದು ಒಂದೇ ಮಾತು. ಅವಳು ಮೋಟಾರು ಹತ್ತಿದಳು. ಕಟ್ಟಿಗೆ ಕೊಳ್ಳದೆ ಇವನು ಕಬನೂರಿಗೆ ಮರಳಿದ.

ಯುದ್ಧ ಶುರುವಾಯಿತು. ಬಟ್ಟೆಗೆ ಎಲ್ಲಿಲ್ಲದ ಬೇಡಿಕೆ ಬಂದು ಇಚಲಕರಂಜಿಯಲ್ಲಿ ಮಗ್ಗಗಳ ಮೇಲೆ ಮಗ್ಗ ಎದ್ದವು. ಒಂದು ವರ್ಷ ಕಾಡಸಿದ್ದನಿಗೆ ವಿಷಮಜ್ವರ ಬಂದು ಸಾವಿನ ಬಾಗಿಲು ತಟ್ಟಿ ಬಂದ. ಎದ್ದ ಮೇಲೆ ಮೈ ಮತ್ತೆ ತುಂಬಿಕೊಳ್ಳಲಿಲ್ಲ. ಉಳಿಯ ಹಿಡಿ ಈಗ ಕೈಯಲ್ಲಿ ಸಡಿಲಾಗಿ ಆಡುತ್ತಿತ್ತು. ಹಿಡಿ ಸವೆದಿರಬೇಕು ಎಂದು ಹೊಸದನ್ನು ಮಾಡಿಕೊಂಡ.

ಮಗ್ಗ ಹೆಚ್ಚಾದಷ್ಟೂ ಹಾರುವ ಲಾಳಿಗಳೂ ಹೆಚ್ಚಾದವು. ಗುಂಡು ಎಂಬ ನೇಕಾರನ ದವಡೆ ಮುರಿದಾಗ ಮಾಲೀಕರು ಮತ್ತೆ ಸೇರಬೇಕಾಯಿತು. ಈ ಸಲದ ಹಿರೇತನ ಮಹಾವೀರ ಎಂಬ ತರುಣ ಮಾಲೀಕನದು. ಸಭೆಗೆ ಎಲ್ಲರೂ ಬಂದರು, ಬಾಯಿ ಮಾತ್ರ ಯಾರೂ ತರಲಿಲ್ಲ. ಹಳೆಯ ಖಟ್ಲೆ ಎಲ್ಲರಿಗೂ ನೆನಪಿತ್ತು. ಅಳತೆ ಹೇಳಿದವನು ಸಿಕ್ಕಿಬೀಳುತ್ತಾನೆ ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ಅಡಿಕೆ ಕತ್ತರಿಸಿದರು. ಇನ್ನೇನು 'ದೇವರಿದ್ದಾನೆ' ಎಂದು ಎದ್ದುಹೋಗುವುದೊಂದೇ ಬಾಕಿ.

ಕಾಡಸಿದ್ದ ಬಾಗಿಲ ಹತ್ತಿರ ನಿಂತಿದ್ದ. ಯಾರೂ ಅವನನ್ನು ಜಮಖಾನೆಗೆ ಕರೆದಿರಲಿಲ್ಲ. ಗುಂಡುವಿನ ಹೆಂಡತಿ ಅಂಗಳದಲ್ಲಿ ಕೂತು, ಗಂಡನ ಬಾಯಿಗೆ ಗಂಜಿಯನ್ನು ಹನಿಹನಿಯಾಗಿ ಬಿಡುತ್ತಿದ್ದಳು. ಅವಳ ಕೈ ಸಣ್ಣದಿತ್ತು. ಅದನ್ನು ನೋಡುತ್ತ ನೋಡುತ್ತ ಅವನೊಳಗೆ ಏನೋ ಕಳಚಿಕೊಂಡಿತು. ಇಷ್ಟು ವರ್ಷ ಕಾಪಾಡಿಕೊಂಡದ್ದಾದರೂ ಏನನ್ನು? ಒಂದು ಖೋಲಿ, ಒಂದು ನೂಲಿಲ್ಲದ ರಾಟೆ.

"ಹಿಂದಿನ ಅಳತಿ ನಂದರಿ" ಎಂದ. ಎಲ್ಲರೂ ತಿರುಗಿದರು. "ಎರಡ ಬಟ್ಟ ಅಂದಾಂವ ನಾನ. ಆ ಬಟ್ಟ ಎಲ್ಲಾರದೂ ಅಲ್ಲ, ನಂದು. ನನ್ನ ಬಟ್ಟ ದಪ್ಪ ಇದ್ದೂ, ಸಂದಿ ದೊಡ್ಡದಾತು, ಕೃಷ್ಣಾತನ ಕಣ್ಣ ಹೋತು. ಕೋರ್ಟಿನ್ಯಾಗ ನಾ ಸುಳ್ಳ ಹೇಳೇನಿ."

ದಾದಾಸಾಹೇಬರ ಕೈಯಲ್ಲಿ ಅಡಕತ್ತರಿ ನಿಂತಿತು. ಈಗ ಅವರಿಗೂ ತಲೆ ಹಣ್ಣಾಗಿತ್ತು.

"ತೆಲಿ ಕೆಟ್ಟೈತೇನ ನಿಂದು? ಉಂಡ ಮನಿ ಜಂತಿ ಎಣಸಾಕತ್ತಿ! ಅದ ಖಟ್ಲೆ ಮತ್ತ ಎದ್ದ ನಿಂತೀತು, ಗೊತ್ತೈತಿಲ್ಲೋ?"

"ನಿಂತ್ರ ನಿಲ್ಲಲಿ ಅಣ್ಣಾರ. ನಿಮ್ಮನಿ ಉಪ್ಪ ತಿಂದೇನಿ, ಸುಳ್ಳಲ್ಲ. ಅದಕ್ಕ ಇಷ್ಟ ದಿನಾ ಸುಮ್ನಿದ್ದೆ." ಅವನು ಒಂದು ಹೆಜ್ಜೆ ಒಳಗೆ ಬಂದ. "ಇನ್ನ ಬಟ್ಟಿನ ಅಳತಿ ಬ್ಯಾಡ. ಕಬ್ಬಿಣದ ಒಂದ ಪಟ್ಟಿ ಮಾಡಸೂಣು. ಅದು ಸಂದ್ಯಾಗ ಹೊಕ್ಕರ ಆ ಮಗ್ಗ ನಡಸಬಾರದು. ಕಬ್ಬಿಣಕ್ಕ ದಪ್ಪ ಕೈ, ಸಣ್ಣ ಕೈ ಇಲ್ಲರಿ. ಮತ್ತ, ಈ ಸಲ ಬರೇ ಮಾಲಕ್ರು ಕೂಡಿ ಹೂಂ ಅನ್ನೂದ ಬ್ಯಾಡ. ಮಗ್ಗದ ಮುಂದ ಕಣ್ಣ ಇಟ್ಟ ನಿಂದ್ರಾವ್ರು ಹೂಂ ಅನ್ನಬೇಕು. ಕೃಷ್ಣಾತ ಅನ್ನಬೇಕು."

ಮಹಾವೀರ ಎಲ್ಲರ ಮುಖ ನೋಡಿ ಹೇಳಿದ: "ಹಂಗಾರ ಅವನ್ನ ಕರಕೊಂಡ ಬಾ. ಬಂದ್ರ ಅವನ ಕಡಿಂದ ಮದ್ಲ ಬಟ್ಟ ಒತ್ತಸೂಣು."

ದಾದಾಸಾಹೇಬರು ಅಂದೇ ಖೋಲಿ ಖಾಲಿ ಮಾಡು ಎಂದು ಹೇಳಿ ಕಳಿಸಿದರು. ವಾರದೊಳಗೆ ಕಮ್ಮಾರ ಸಿದ್ದರಾಯ ಗಜಕಡ್ಡಿಯ ಅಳತೆಗೆ ಪಟ್ಟಿ ತಟ್ಟಿ ಕೊಟ್ಟ. ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕಾಡಸಿದ್ದ ಮೋಟಾರು ಹತ್ತಿದ. ಸಂಕೇಶ್ವರ ದಾಟಿ, ಗಡಹಿಂಗ್ಲಜ ದಾಟಿ, ನೇಸರಿ ಹತ್ತಿರವಾದಂತೆ ಟವೆಲ್ಲು ಬಿಚ್ಚಿ ಮತ್ತೆ ಮತ್ತೆ ಸುತ್ತತೊಡಗಿದ. ಅವಳು ಬಾಗಿಲು ಹಾಕಿಕೊಂಡರೆ? ಯಾರು ನೀವು ಎಂದರೆ? ಅದಕ್ಕೂ ತಯಾರಾಗಬೇಕು ಎಂದುಕೊಂಡ, ಆಗಲು ಆಗಲಿಲ್ಲ.

ಕಟ್ಟೆಯ ಮೇಲೆ ಅತ್ತೆ ಮುದಕವ್ವ ಉಣ್ಣೆ ಬಿಡಿಸುತ್ತಿದ್ದಳು. ಕಣ್ಣು ಮಂಜಾಗಿತ್ತು. "ಯಾರಪಾ?" ಎಂದಳು.

"ನಾನ್ರಿ ಅತ್ತಿ. ಕಾಡಸಿದ್ದ."

ಮುದುಕಿ ಉಣ್ಣೆ ಕೆಳಗಿಟ್ಟಳು. ಒಳಗೆ ಪಾತ್ರೆಯ ಸದ್ದು ನಿಂತುಹೋಯಿತು. ಹಟ್ಟಿಯಿಂದ ಕೃಷ್ಣಾತ ಬಂದ. ಮೀಸೆಯಲ್ಲಿ ಆಗಲೇ ಬಿಳಿ ಕೂದಲು, ಎಡಗಡೆಯ ರೆಪ್ಪೆ ಮುಚ್ಚಿಕೊಂಡೇ ಇತ್ತು. ಕಾಡಸಿದ್ದ ನಿಂತಲ್ಲೇ ಎಲ್ಲವನ್ನೂ ಹೇಳಿದ: ಸಭೆ, ತಾನು ಆಡಿದ ಮಾತು, ಪಟ್ಟಿ. "ಮತ್ತ ಕೋರ್ಟಿಗೆ ಹೋಗೂದಿದ್ರ ಹೋಗು ಕೃಷ್ಣಾತ. ನಿನ್ನ ಕಡಿಂದ ನಾನ ಸಾಕ್ಷಿ ಹೇಳತೇನಿ, ನನ್ನ ಮ್ಯಾಲ ನಾನ."

"ಕೋರ್ಟ ಕಣ್ಣ ಕೊಡತೈತೇನು?" ಎಂದ ಕೃಷ್ಣಾತ. ಪಟ್ಟಿ ಇಸಿದುಕೊಂಡು, ಒಂದೇ ಕಣ್ಣಿನ ಹತ್ತಿರ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. "ಇದ ಆವಾಗ ಇದ್ದಿದ್ರ..." ಎಂದು ನಿಲ್ಲಿಸಿದ. ಆಮೇಲೆ ಪಟ್ಟಿಯನ್ನು ಮರಳಿ ಕೊಟ್ಟ. "ಪಂಚ್ಯಾಗ ಕುಂದ್ರಾಕ ಬರತೇನಿ. ಬಟ್ಟೂ ಒತ್ತತೇನಿ. ನಿಮ್ಮ ಕೂಡ ಉಣ್ಣಾಕ ಮಾತ್ರ ಕರೀಬ್ಯಾಡ್ರಿ."

ಅಷ್ಟು ಹೇಳಿ ಹಟ್ಟಿಗೆ ಹೋದ. ಅದು ಅವನ ಹಕ್ಕು. ಕಾಡಸಿದ್ದ ತಲೆ ತಗ್ಗಿಸಿದ.

ತಲೆ ಎತ್ತಿದಾಗ ನಾಗೂಬಾಯಿ ಹೊಸ್ತಿಲ ಮೇಲೆ ನಿಂತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಸಂತೆಯಲ್ಲಿ ಬೆನ್ನು ಮಾತ್ರ ಕಂಡವನು ಎಷ್ಟೋ ವರ್ಷದ ಮೇಲೆ ಅವಳ ಮುಖ ಕಂಡ.

"ನಾಕ ಮಂದಿ ಮುಂದ ಹೇಳಿದ್ರಿ?" ಎಂದಳು.

"ಹೇಳಿದ್ನಿ."

"ಏನಂತ?"

"ನನ್ನ ಬಟ್ಟ ಅಂತ."

"ಎಲ್ಲಿ, ತೋರಸ್ರಿ."

ಕೋರ್ಟಿನಲ್ಲಿ ಧೋತರದ ಮರೆಗೆ ಸೇರಿದ್ದ ಕೈಯನ್ನು ಅವನು ಬೆಳಕಿಗೆ ಚಾಚಿದ. ಅವಳು ಹೊಸ್ತಿಲು ಇಳಿದು ಬಂದಳು. ಅವನ ಎರಡು ಬಟ್ಟನ್ನು ಕೂಡಿಸಿ ಹಿಡಿದು, ಅವುಗಳ ಮೇಲೆ ತನ್ನ ಮೂರನ್ನು ಉದ್ದಕ್ಕೆ ಹೊಂದಿಸಿ ಇಟ್ಟಳು. ಆ ದೀಪಾವಳಿಯ ದಿನ ಸರಿಸಮ ಇದ್ದವು. ಈಗ ಅವಳ ಮೂರನೆಯ ಬಟ್ಟು ಹೊರಗೇ ಉಳಿಯಿತು. ಇನ್ನೊಮ್ಮೆ ಇಟ್ಟು ನೋಡಿದಳು. ಆಗಲೂ ಉಳಿಯಿತು. ಅವನ ಎರಡಕ್ಕೆ ಅವಳ ಎರಡೇ ಸಾಕಾಗಿತ್ತು.

ಇಷ್ಟು ವರ್ಷ ಯಾವ ಬಟ್ಟನ್ನು ತನ್ನದೆಂದು ಹೇಳಲು ಅವನು ಹೆದರಿದ್ದನೋ ಆ ಬಟ್ಟು ಈಗ ಇರಲೇ ಇಲ್ಲ. ಕಾಡಸಿದ್ದನಿಗೆ ಅದು ಅವಳ ಕೈಯ ಕೆಳಗೆ ಗೊತ್ತಾಯಿತು. ಕಳೆದುಹೋದದ್ದು ಎಷ್ಟು ಎಂದು ಅಳೆಯಲು ಯಾವ ಕಬ್ಬಿಣದ ಪಟ್ಟಿಯೂ ಬೇಕಾಗಲಿಲ್ಲ. ಅವನು ಅತ್ತ.

"ಇವು ಆ ಬಟ್ಟ ಅಲ್ಲರಿ" ಎಂದಳು ನಾಗೂಬಾಯಿ. "ಭಾಳ ಸೊರಗ್ಯಾವ. ಅರ್ಧಾ ಗಂಡನ್ನ ಎಲ್ಲಿ ಕಳಕೊಂಡ ಬಂದ್ರಿ?"

ಅವನ ಕೈಯನ್ನು ಬಿಡದೆ, ಒಳಗಿನ ಒಲೆಯ ಕಡೆ ತಿರುಗಿ, ರೊಟ್ಟಿಗೆ ಹಿಟ್ಟು ಇನ್ನಷ್ಟು ನಾದಬೇಕು ಎಂದಳು.